ಹಾರಕ್ಕೆ ಮೊದಲು ಆಧಾರ

ಉಡುಪಿ ಜಿಲ್ಲೆಯ ಮೂಲದ ಕುಟುಂಬವೊಂದರ ತರುಣನು ಮುಂಬಯಿಯ ಕ್ರಿಕೆಟ್ ತಂಡದಲ್ಲಿ ಆಫ್ ಸ್ಪಿನ್ ಬೌಲರನಾಗಿ ಹೆಸರು ಗಳಿಸಿರುವ ಸಂಗತಿಯನ್ನು ನಮ್ಮ ಓದುಗರು ಬಲ್ಲರು. 2024ರ ಡಿಸೆಂಬರಿನಲ್ಲಿ ಆರ್. ಅಶ್ವಿನ್ ಅವರು ಅಂತರರಾಷ್ಟ್ರೀಯ ಆಟದಿಂದ ನಿವೃತ್ತರಾದುದಾಗಿ ಸಾರಿದ ಕೆಲವೇ ದಿನಗಳಲ್ಲಿ, ಆಸ್ಟ್ರೇಲಿಯಾದಲ್ಲಿದ್ದ ಭಾರತ ತಂಡವನ್ನು ಸೇರಿಕೊಳ್ಳುವಂತೆ ಶ್ರೀ ತನುಷ್ ಕೋಟ್ಯಾನ್ ಅವರಿಗೆ ಕರೆ ಬಂದಿತು. ಆ ಸುದ್ದಿ ಬಂದ ದಿನ ನಮ್ಮವರ ಹೋಟೆಲುಗಳ ಗಲ್ಲಾದಿಂದ ಅಡಿಗೆಮನೆಯವರೆಗೆ ಒಂದೇ ಮಾತು: “ಇವನು ನಮ್ಮವ”. ಈ ಅಭಿಮಾನದಲ್ಲಿ ತಪ್ಪೇನೂ ಇಲ್ಲ. ಪರವೂರಿನಲ್ಲಿ ಬಾಳುವವರಿಗೆ ತಮ್ಮವನೊಬ್ಬನ ಏಳಿಗೆ ತಮ್ಮ ಮನೆಯ ಹಬ್ಬದಂತೆಯೇ ತೋರುವುದು ಸಹಜ. ಆದರೆ ಆ ದಿನ ನಮ್ಮ ಮನಸ್ಸನ್ನು ಕೊರೆದ ಪ್ರಶ್ನೆಯೊಂದನ್ನು ಇಲ್ಲಿ ಎತ್ತದೆ ಇರಲಾರೆವು. ಕೋಟ್ಯಾನರು ಮುಂಬಯಿಯ ಪರವಾಗಿ ಮೊದಲ ರಣಜಿ ಪಂದ್ಯವನ್ನಾಡಿದುದು 2018-19ರ ಋತುವಿನಲ್ಲಿ. ಆಗಿನಿಂದ ಈ ಕರೆ ಬರುವವರೆಗೆ ಆರು ವರ್ಷಗಳು ಕಳೆದುವು. ಆ ಆರು ವರ್ಷಗಳಲ್ಲಿ ನಮ್ಮೊಳಗೆ ಎಷ್ಟು ಮಂದಿ ಅವರ ಹೆಸರನ್ನು ವಿಚಾರಿಸಿದ್ದೆವು?

ಈ ಪ್ರಶ್ನೆ ಕೋಟ್ಯಾನರ ಸಲುವಾಗಿ ಅಲ್ಲ. ಅವರು ತಮ್ಮ ದಾರಿಯನ್ನು ತಾವೇ ಸವೆಸಿಕೊಂಡರು. ಇದು ಅವರ ಹಿಂದೆ ನಿಂತಿರುವ, ಇನ್ನೂ ಹೆಸರಿಲ್ಲದ ಹುಡುಗರ ಸಲುವಾಗಿ. ಅಂಥವನೊಬ್ಬನನ್ನು ನಾವು ಬಲ್ಲೆವು. ಆತನ ತಂದೆ ಬೇಲಾಪುರದ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುವವರು. ಹುಡುಗನಿಗೆ ಆಗ ಹದಿನಾರು ವರ್ಷ, ಎತ್ತರದ ಆಳು, ಬರಿಗಾಲಿನಲ್ಲಿ ಓಡಿಬಂದು ಎಸೆದರೂ ಚೆಂಡು ದಾಂಡಿಗನ ಎದೆಯೆತ್ತರಕ್ಕೆ ಏಳುತ್ತಿತ್ತು. ಭಾನುವಾರದ ಟೆನಿಸ್ ಚೆಂಡಿನ ಪಂದ್ಯಾಟಗಳಲ್ಲಿ ಅವನಿಗಾಗಿ ತಂಡಗಳು ಪೈಪೋಟಿ ನಡೆಸುತ್ತಿದ್ದುವು. ಒಂದೇ ದಿನದಲ್ಲಿ ನಾಲ್ಕು ಪಂದ್ಯ, ನಾಲ್ಕರಲ್ಲಿಯೂ ಪೂರ್ಣ ವೇಗ, ಕಾಲಡಿಯಲ್ಲಿ ಕಲ್ಲಿನಂತೆ ಗಟ್ಟಿಯಾದ ನೆಲ. ಸಂಜೆಗೆ ಕೈಯಲ್ಲೊಂದು ಬೆಳ್ಳಿ ಬಣ್ಣದ ಕಪ್ಪು, ಜೇಬಿನಲ್ಲಿ ಐನೂರರ ನೋಟು. ಚರ್ಮದ ಚೆಂಡಿನ ಆಟ ಕಲಿಯಲೆಂದು ಕೆಲಕಾಲ ಮುಂಬಯಿಯ ಮೈದಾನಕ್ಕೂ ಹೋದನು. ಹತ್ತನೆಯ ತರಗತಿ ಮುಗಿಯಿತು, ಬೆನ್ನಿನ ಕೆಳಭಾಗದಲ್ಲಿ ನೋವು ಕಾಣಿಸಿಕೊಂಡಿತು, ಮನೆಯಲ್ಲಿ ತಂಗಿಯರಿದ್ದರು. ಇಂದು ಆತನು ಮತ್ತೊಂದು ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುತ್ತಿದ್ದಾನೆ. ದುಡಿದು ತಿನ್ನುವುದರಲ್ಲಿ ಅವಮಾನವಿಲ್ಲ. ಈ ಪತ್ರಿಕೆಯ ಓದುಗರಿಗೆ ಅದನ್ನು ಹೇಳಿಕೊಡುವ ಅಗತ್ಯವೂ ಇಲ್ಲ. ಆದರೆ ಅವನು ಸೋತುದು ಯಾವ ದಾಂಡಿಗನಿಗೂ ಅಲ್ಲ. ತನ್ನ ಶಕ್ತಿ ಎಷ್ಟೆಂಬುದನ್ನು ತಿಳಿಯುವ ಅವಕಾಶವೇ ಅವನಿಗೆ ದೊರೆಯಲಿಲ್ಲ.

ಬೌಲರನೊಬ್ಬನು ಬೆಳೆಯುವ ಬಗೆಯನ್ನು ಸ್ವಲ್ಪ ಸಾವಧಾನದಿಂದ ನೋಡಿದರೆ ಈ ಮಾತಿನ ಮರ್ಮ ತಿಳಿಯುವುದು. ದಾಂಡಿಗನ ಪ್ರತಿಭೆ ಹದಿನೈದನೆಯ ವಯಸ್ಸಿಗೇ ಕಣ್ಣಿಗೆ ಹೊಳೆಯಬಹುದು. ಬೌಲರನು ಪಕ್ವವಾಗುವುದು ನಿಧಾನ. ಚೆಂಡನ್ನು ತಿರುಗಿಸುವುದು ಒಂದು ವಿದ್ಯೆ. ಇಪ್ಪತ್ತು ಓವರುಗಳವರೆಗೆ ಅದೇ ತಾಣದಲ್ಲಿ ಬೀಳುವಂತೆ ಎಸೆಯುವುದು ಮತ್ತೊಂದು ವಿದ್ಯೆ. ಹೊಡೆಸಿಕೊಂಡ ಮೇಲೆ ಧೈರ್ಯಗೆಡದೆ ಮತ್ತೆ ಅಲ್ಲಿಗೇ ಎಸೆಯುವುದು ಮೂರನೆಯದು. ಮೊದಲನೆಯದನ್ನು ದೇವರು ಕೊಡಬಹುದು. ಉಳಿದೆರಡನ್ನು ವರ್ಷಗಳೇ ಕೊಡಬೇಕು. ಮುಂಬಯಿಯಲ್ಲಿ 1948ರಿಂದ ಮಳೆಗಾಲದಲ್ಲಿ ನಡೆದುಬಂದಿರುವ ಕಾಂಗಾ ಲೀಗಿನ ಒದ್ದೆ ನೆಲ, ಮೊಣಕಾಲೆತ್ತರದ ಹುಲ್ಲು, ಯಾರೂ ಚಪ್ಪಾಳೆ ತಟ್ಟದ ಭಾನುವಾರಗಳು: ಇವೇ ಆ ವಿದ್ಯೆಯ ಪಾಠಶಾಲೆ. ಅಲ್ಲಿಂದ ವಯೋಮಿತಿಯ ತಂಡಗಳು, ಅಲ್ಲಿಂದ ರಣಜಿ, ಅಲ್ಲಿಂದ ಭಾರತ ‘ಎ’ ತಂಡ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಎರಡು ಮೂರು ವರ್ಷ ಕಾಯಬೇಕಾಗುವುದು ಸಾಮಾನ್ಯ.

ಕೋಟ್ಯಾನರ ಕಾಯುವಿಕೆಗೆ ಫಲ ಕಂಡುದು 2023-24ರ ರಣಜಿ ಋತುವಿನಲ್ಲಿ. ಆ ವರ್ಷ ಅವರು 29 ವಿಕೆಟುಗಳನ್ನು ಕಿತ್ತು 502 ರನ್ನುಗಳನ್ನು ಹೊಡೆದು ಇಡೀ ಪಂದ್ಯಾವಳಿಯ ಶ್ರೇಷ್ಠ ಆಟಗಾರರೆನಿಸಿದರು. 2024ರ ಮಾರ್ಚಿನಲ್ಲಿ ವಾಂಖೆಡೆ ಕ್ರೀಡಾಂಗಣದಲ್ಲಿ ವಿದರ್ಭವನ್ನು 169 ರನ್ನುಗಳಿಂದ ಸೋಲಿಸಿ ಮುಂಬಯಿ ತನ್ನ 42ನೆಯ ರಣಜಿ ಕಿರೀಟವನ್ನು ಧರಿಸಿತು. ಆ ತಂಡದ ನಾಯಕ ಅಜಿಂಕ್ಯ ರಹಾನೆ ಡೊಂಬಿವಲಿಯಲ್ಲಿ ಬೆಳೆದವರು. ಅಂತಿಮ ಪಂದ್ಯದ ಮೊದಲ ಇನ್ನಿಂಗ್ಸಿನಲ್ಲಿ ಕೇವಲ ಏಳು ರನ್ನಿಗೆ ಮೂರು, ಎರಡನೆಯದರಲ್ಲಿ ಇದಿರಾಳಿಗಳು ಹಟಹಿಡಿದು ನಿಂತಾಗ ದೀರ್ಘಕಾಲ ಚೆಂಡೆಸೆದು ನಾಲ್ಕು ವಿಕೆಟುಗಳು ಕೋಟ್ಯಾನರಿಗೆ ದೊರೆತುವು. ಏಳಕ್ಕೆ ಮೂರು ಎಂಬುದು ನೋಡಲು ಚೆಂದ. ಆದರೆ ಬಲ್ಲವರು ಎರಡನೆಯ ಇನ್ನಿಂಗ್ಸಿನ ನಾಲ್ಕನ್ನೇ ಹೆಚ್ಚಾಗಿ ಮೆಚ್ಚುವರು. ಪಿಚ್ಚು ಒಲಿದಾಗ ವಿಕೆಟ್ ಪಡೆಯುವವರು ಬಹಳ. ಒಲಿಯದಿದ್ದಾಗ ಕಾದು ಪಡೆಯುವವರು ಕೆಲವರೇ.

ಅದೇ ಋತುವಿನ ಕ್ವಾರ್ಟರ್ ಫೈನಲಿನಲ್ಲಿ ಮತ್ತೊಂದು ಸೋಜಿಗ ನಡೆಯಿತು. ಬರೋಡದ ವಿರುದ್ಧ ಹತ್ತನೆಯ ಮತ್ತು ಹನ್ನೊಂದನೆಯ ಆಟಗಾರರಾಗಿ ಇಳಿದ ಕೋಟ್ಯಾನರೂ ತುಷಾರ್ ದೇಶಪಾಂಡೆಯವರೂ ಕೊನೆಯ ವಿಕೆಟಿಗೆ 232 ರನ್ನುಗಳನ್ನು ಕೂಡಿಸಿದರು. ಇಬ್ಬರೂ ಶತಕ ಹೊಡೆದರು. ಹೀಗೆ ಕಟ್ಟಕಡೆಯ ಇಬ್ಬರೂ ಒಂದೇ ಇನ್ನಿಂಗ್ಸಿನಲ್ಲಿ ನೂರು ದಾಟಿದ ಘಟನೆ ಅದಕ್ಕೆ ಹಿಂದೆ ನಡೆದುದು ಒಂದೇ ಬಾರಿ: 1946ರಲ್ಲಿ ಇಂಗ್ಲೆಂಡಿನಲ್ಲಿ, ಭಾರತ ತಂಡದ ಚಂದು ಸರವಟೆ ಮತ್ತು ಶೂಟೆ ಬ್ಯಾನರ್ಜಿಯವರಿಂದ. ದೇಶಪಾಂಡೆಯವರು ನಮ್ಮ ನೆರೆಯ ಕಲ್ಯಾಣದವರು. ಬಾಲ್ಯದಲ್ಲಿ ಶಿವಾಜಿ ಪಾರ್ಕಿನ ಆಯ್ಕೆಗೆ ದಾಂಡಿಗನಾಗಲೆಂದು ಹೋದ ಅವರು, ದಾಂಡಿಗರ ಸಾಲು ಬಲು ಉದ್ದವಾಗಿದ್ದುದನ್ನು ಕಂಡು, ಚಿಕ್ಕದಾಗಿದ್ದ ಬೌಲರುಗಳ ಸಾಲಿನಲ್ಲಿ ನಿಂತು ಬೌಲರನಾದರೆಂಬುದು ಪ್ರಸಿದ್ಧವಾದ ಕಥೆ. ಸಾಲಿನಲ್ಲಿ ನಿಂತ ಮಾತ್ರಕ್ಕೆ ಯಾರೂ ಬೌಲರನಾಗಲಿಲ್ಲವೆಂಬುದನ್ನು ಆ ಕಥೆ ಹೇಳುವವರು ಮರೆಯುತ್ತಾರೆ. 2016-17ರಲ್ಲಿ ರಣಜಿಗೆ ಇಳಿದ ಆತನಿಗೆ ಭಾರತದ ಪರವಾಗಿ ಆಡುವ ಯೋಗ ಬಂದುದು 2024ರ ಜುಲೈಯಲ್ಲಿ, ಹರಾರೆಯಲ್ಲಿ. ಇಲ್ಲಿಯೂ ನಡುವೆ ಎಂಟು ವರ್ಷಗಳಿಗೆ ಸಮೀಪದ ಅವಧಿ.

ಆದರೆ ಇಂದಿನ ಹುಡುಗನಿಗೆ ಈ ನಿಧಾನವನ್ನು ಹೇಳಿಕೊಡುವವರಾರು? ಅವನ ಕಣ್ಣಿಗೆ ಕಾಣುವುದು ಐ.ಪಿ.ಎಲ್. ಹರಾಜಿನ ದಿನ ಒಂದು ಗಳಿಗೆಯಲ್ಲಿ ಏರುವ ಕೋಟಿಗಳ ಲೆಕ್ಕ. ಆ ಹರಾಜಿನ ಇನ್ನೊಂದು ಮುಖವನ್ನೂ ಕೋಟ್ಯಾನರ ಜೀವನವೇ ತೋರಿಸುತ್ತದೆ. 2024ರ ಋತುವಿಗಾಗಿ ರಾಜಸ್ಥಾನದ ತಂಡವು ಅವರನ್ನು ಕನಿಷ್ಠ ಬೆಲೆಯಾದ 20 ಲಕ್ಷ ರೂಪಾಯಿಗೆ ಕೊಂಡಿತು. ಆಡಲು ದೊರೆತುದು ಒಂದೇ ಪಂದ್ಯ, ಅದೂ ಆರಂಭದ ದಾಂಡಿಗನಾಗಿ. ಅದೇ ವರ್ಷದ ನವೆಂಬರಿನ ಹರಾಜಿನಲ್ಲಿ ಅವರನ್ನು ಕೊಳ್ಳುವವರಿರಲಿಲ್ಲ. ಮರು ತಿಂಗಳು ಭಾರತ ತಂಡದ ಕರೆ ಬಂದಿತು! ಅಂದರೆ ಹರಾಜಿನ ತಕ್ಕಡಿ ತೂಗಲಾರದುದನ್ನು ರಣಜಿಯ ತಕ್ಕಡಿ ತೂಗಿತ್ತು. ಹುಡುಗರೂ ಹುಡುಗರ ತಂದೆತಾಯಿಗಳೂ ಈ ಎರಡು ತಕ್ಕಡಿಗಳ ಭೇದವನ್ನು ತಿಳಿದುಕೊಂಡರೆ ಎಷ್ಟೋ ನಿರಾಶೆಗಳು ತಪ್ಪುವುವು.

ಈ ವಿಷಯದಲ್ಲಿ ದೂರದ ಅಮೆರಿಕದಿಂದ ಕಲಿಯತಕ್ಕದ್ದೊಂದಿದೆ. ಅಲ್ಲಿ ನಮ್ಮ ಕ್ರಿಕೆಟಿನಂತೆ ಜನಪ್ರಿಯವಾದ ಆಟ ಬೇಸ್‌ಬಾಲ್. ನಮ್ಮ ಬೌಲರನ ಸ್ಥಾನದಲ್ಲಿರುವವನು ಅಲ್ಲಿ ಪಿಚ್ಚರ್. ಅಲ್ಲಿಯ ದೊಡ್ಡ ತಂಡಗಳು ಹದಿನೆಂಟು ಇಪ್ಪತ್ತರ ಹುಡುಗನನ್ನು ಆರಿಸಿದರೂ ಕೂಡಲೇ ದೊಡ್ಡ ಅಂಕಣಕ್ಕೆ ಇಳಿಸುವುದು ತೀರ ಅಪರೂಪ. ಪ್ರತಿಯೊಂದು ದೊಡ್ಡ ತಂಡದ ಕೆಳಗೂ ಮೆಟ್ಟಿಲು ಮೆಟ್ಟಿಲಾಗಿ ಕಿರಿಯ ತಂಡಗಳಿರುತ್ತವೆ. ಹುಡುಗನು ಸಣ್ಣ ಪಟ್ಟಣಗಳಲ್ಲಿ ಬಸ್ಸಿನಲ್ಲಿ ಸುತ್ತುತ್ತ ಒಂದೊಂದೇ ಮೆಟ್ಟಿಲನ್ನು ಏರಬೇಕು. ಬಹುಕಾಲದವರೆಗೆ ಆ ಕಿರಿಯ ಆಟಗಾರರ ಸಂಬಳ ಹೊಟ್ಟೆಗೂ ಸಾಲದಷ್ಟಿತ್ತು. ಒಂದು ಕೋಣೆಯಲ್ಲಿ ಐದಾರು ಮಂದಿ ಮಲಗುವ ಸ್ಥಿತಿ, ನಮ್ಮ ಹೋಟೆಲು ಕಾರ್ಮಿಕರ ಕೋಣೆಗಳನ್ನು ಬಲ್ಲವರಿಗೆ ಹೊಸದಾಗಿ ತೋರಲಾರದು. 2022ರಿಂದ ತಂಡಗಳೇ ಅವರಿಗೆ ವಸತಿ ಒದಗಿಸತೊಡಗಿದುವು. ಅದೇ ವರ್ಷ ಕಿರಿಯ ಆಟಗಾರರು ಕಾರ್ಮಿಕ ಸಂಘದಲ್ಲಿ ಒಂದುಗೂಡಿದರು. 2023ರಲ್ಲಿ ಆದ ಒಪ್ಪಂದದಿಂದ ಅತಿ ಮೇಲಿನ ಕಿರಿಯ ಮೆಟ್ಟಿಲಿನವರ ಕನಿಷ್ಠ ವಾರ್ಷಿಕ ವೇತನ 17,500 ಡಾಲರಿನಿಂದ 35,800 ಡಾಲರಿಗೆ ಏರಿತು. ಹಣವಂತರ ಆ ದೇಶಕ್ಕೂ ಈ ಬುದ್ಧಿ ತಡವಾಗಿ ಬಂದಿತೆಂಬುದು ಗಮನಾರ್ಹ: ಕಲಿಯುವವನ ಹೊಟ್ಟೆ ತುಂಬದಿದ್ದರೆ ಕಲಿಕೆ ನಿಲ್ಲುವುದು.

ಆ ಮೆಟ್ಟಿಲುಗಳನ್ನು ನಮ್ಮ ದೇಶದ ಇಬ್ಬರು ತುಳಿದಿದ್ದಾರೆ. 2008ರಲ್ಲಿ ಭಾರತದಲ್ಲಿ ವೇಗವಾಗಿ ಚೆಂಡೆಸೆಯಬಲ್ಲವರನ್ನು ಹುಡುಕುವ ಸ್ಪರ್ಧೆಯೊಂದು ನಡೆಯಿತು. ಕ್ರಿಕೆಟ್ ಬೌಲರುಗಳೇ ಗೆಲ್ಲುವರೆಂಬ ಎಣಿಕೆ ಹುಸಿಯಾಗಿ, ಉತ್ತರ ಪ್ರದೇಶದ ಇಬ್ಬರು ಈಟಿ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಗೆದ್ದರು. ಬೇಸ್‌ಬಾಲನ್ನು ಅದುವರೆಗೆ ಆಡಿಯೇ ಇರದ ಆ ಹುಡುಗರನ್ನು ಅಮೆರಿಕಕ್ಕೆ ಕರೆದೊಯ್ದು ಕಲಿಸಿದರು. ವರ್ಷ ಮುಗಿಯುವುದರೊಳಗೆ ಪಿಟ್ಸ್‌ಬರ್ಗ್ ತಂಡವು ಇಬ್ಬರನ್ನೂ ತನ್ನ ಕಿರಿಯ ತಂಡಗಳಿಗೆ ಸೇರಿಸಿಕೊಂಡಿತು. ಪಟೇಲರು 2010ರಲ್ಲಿ ಊರಿಗೆ ಮರಳಿದರು. ರಿಂಕು ಸಿಂಗರು ಕೆಲವು ವರ್ಷ ಏರುತ್ತ ಹೋದರು. ಕೊನೆಗೆ ಮೊಣಕೈಯ ಗಾಯ ಅವರ ಆಟವನ್ನು ನಿಲ್ಲಿಸಿತು. ಮುಂದೆ ಅವರು ಕುಸ್ತಿಯ ಪ್ರದರ್ಶನಗಳಲ್ಲಿ ಹೆಸರು ಗಳಿಸಿದರು. ಒಂದು ದಿನದ ಸ್ಪರ್ಧೆ ತೋಳಿನ ವೇಗವನ್ನು ಅಳೆಯಬಲ್ಲದು. ಆ ತೋಳು ಎಷ್ಟು ವರ್ಷ ತಾಳುವುದೆಂಬುದನ್ನು ಅಳೆಯುವ ಯಂತ್ರ ಇನ್ನೂ ಹುಟ್ಟಿಲ್ಲ.

ದೇಹದ ಈ ಮಾತು ಬಹಳ ಮುಖ್ಯವಾದುದು. ನಮ್ಮ ಪಂದ್ಯಾಟಗಳನ್ನು ನಡೆಸುವ ಸಂಘಗಳ ಕಾರ್ಯಕರ್ತರು ಇದನ್ನು ಲಕ್ಷ್ಯವಿಟ್ಟು ಓದಬೇಕೆಂದು ಬೇಡುತ್ತೇವೆ. ಬೆಳೆಯುವ ವಯಸ್ಸಿನ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ವೇಗದ ಬೌಲರನು ಮುಂಗಾಲನ್ನು ಊರಿ, ಬೆನ್ನನ್ನು ಬಾಗಿಸಿ ತಿರುಗಿಸಿ ಎಸೆಯುವಾಗ ಸೊಂಟದ ಬಳಿಯ ಎಲುಬಿನ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುವುದು. ವಿಶ್ರಾಂತಿಯಿಲ್ಲದೆ ಇದು ಪುನಃ ಪುನಃ ನಡೆದರೆ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬಿಡುವುದು. ಮೊದಲು ಅದು ಬರಿಯ ನೋವೆಂದು ತೋರುವುದು, ಹುಡುಗನು ಎಣ್ಣೆ ತಿಕ್ಕಿಕೊಂಡು ಮತ್ತೆ ಆಡುವನು, ಬಿರುಕು ಹೆಚ್ಚುವುದು. ಅಮೆರಿಕದಲ್ಲಿ ಬಾಲಕರ ಬೇಸ್‌ಬಾಲಿಗೆ 2014ರಲ್ಲಿ ಮಾರ್ಗದರ್ಶಕ ಸೂತ್ರಗಳನ್ನು ರಚಿಸಿದರು. ಅದರಂತೆ ಹದಿನೈದು ಹದಿನಾರರ ಹುಡುಗನು ಒಂದು ದಿನ 95ಕ್ಕಿಂತ ಹೆಚ್ಚು ಎಸೆತಗಳನ್ನು ಎಸೆಯಬಾರದು. 75ನ್ನು ಮೀರಿದರೆ ನಾಲ್ಕು ದಿನ ವಿಶ್ರಾಂತಿ ಕೊಡಬೇಕು. ನಮ್ಮ ಬೇಲಾಪುರದ ಹುಡುಗನ ಎಸೆತಗಳನ್ನು ಎಣಿಸಿದವರು ಯಾರೂ ಇರಲಿಲ್ಲ. ಎಣಿಸಿದ್ದು ಕಪ್ಪುಗಳನ್ನು ಮಾತ್ರ.

ಬಿರುಕು ಬಿಟ್ಟರೆ ಎಲ್ಲವೂ ಮುಗಿಯಿತೆಂದಲ್ಲ. ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಅವರು 2015ರಲ್ಲಿ ಕರ್ನಾಟಕದ ಪರವಾಗಿ ಬಾಂಗ್ಲಾದೇಶ ‘ಎ’ ತಂಡದ ವಿರುದ್ಧ ಮೈಸೂರಿನಲ್ಲಿ ಆಡಿದ ಮೊದಲ ಪಂದ್ಯದಲ್ಲಿಯೇ ಮಿಂಚಿದರು. 2021ರ ಮಾರ್ಚಿನಲ್ಲಿ ಪುಣೆಯಲ್ಲಿ ಇಂಗ್ಲೆಂಡಿನ ವಿರುದ್ಧ ತಮ್ಮ ಮೊದಲ ಏಕದಿನ ಪಂದ್ಯದಲ್ಲಿ 54 ರನ್ನಿಗೆ ನಾಲ್ಕು ವಿಕೆಟುಗಳನ್ನು ಪಡೆದರು. 2022ರಲ್ಲಿ ಇದೇ ಸೊಂಟದ ಎಲುಬಿನ ಬಿರುಕು ಅವರನ್ನು ಕೆಡವಿತು, ಶಸ್ತ್ರಚಿಕಿತ್ಸೆಯಾಯಿತು, 2023ರ ಐ.ಪಿ.ಎಲ್. ಋತು ಪೂರ್ತಿ ಕೈತಪ್ಪಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟೆಸ್ಟ್ ಆಡಿದರು. 2025ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಭಾರತವು ಇಂಗ್ಲೆಂಡನ್ನು ಕೇವಲ ಆರು ರನ್ನುಗಳಿಂದ ಸೋಲಿಸಿದಾಗ ಎರಡು ಇನ್ನಿಂಗ್ಸುಗಳಲ್ಲಿಯೂ ನಾಲ್ಕು ನಾಲ್ಕು ವಿಕೆಟುಗಳು ಅವರವು. ಅವರ ಧೈರ್ಯವನ್ನು ನಾವು ಮೆಚ್ಚುತ್ತೇವೆ. ಆದರೆ ಅವರು ಬಿದ್ದಾಗ ಎತ್ತಲು ವೈದ್ಯರಿದ್ದರು, ವ್ಯಾಯಾಮ ಶಿಕ್ಷಕರಿದ್ದರು, ತಿಂಗಳುಗಟ್ಟಲೆ ಕಾಯುವ ವ್ಯವಸ್ಥೆಯಿತ್ತು. ಪಾರ್ಸೆಲ್ ಕಟ್ಟುವ ಹುಡುಗನ ಬೆನ್ನಿಗೂ ಬಂದುದು ಇಂಥದೇ ಬಿರುಕೋ ಏನೋ. ಚಿತ್ರ ತೆಗೆಸಿ ನೋಡಿದವರೇ ಇಲ್ಲ.

ಹಿಂದಿನ ಮುಂಬಯಿಗೆ ಇದಕ್ಕೊಂದು ಉಪಾಯ ತಿಳಿದಿತ್ತು. ಬ್ಯಾಂಕುಗಳೂ ಗಿರಣಿಗಳೂ ದೊಡ್ಡ ಕಚೇರಿಗಳೂ ಆಟಗಾರರನ್ನು ಗುಮಾಸ್ತರನ್ನಾಗಿ ನೇಮಿಸಿಕೊಳ್ಳುತ್ತಿದ್ದುವು. ತಿಂಗಳ ಸಂಬಳ ತಪ್ಪುತ್ತಿರಲಿಲ್ಲ. ಅಭ್ಯಾಸಕ್ಕೆ ಬಿಡುವು ಸಿಗುತ್ತಿತ್ತು. ಟೈಮ್ಸ್ ಶೀಲ್ಡಿನಂಥ ಕಚೇರಿಗಳ ಪಂದ್ಯಾಟಗಳಲ್ಲಿ ಆಡಿ ಋಣ ತೀರಿಸಿದರಾಯಿತು. ಭಾರತದ ನಾಯಕರಾಗಿ 1971ರಲ್ಲಿ ವೆಸ್ಟ್ ಇಂಡೀಸಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಸರಣಿಗಳನ್ನು ಗೆದ್ದುತಂದ ಅಜಿತ್ ವಾಡೇಕರರು ಸ್ಟೇಟ್ ಬ್ಯಾಂಕಿನ ನೌಕರರಾಗಿದ್ದರು. ನಮ್ಮ ಗುಮಾಸ್ತ ಓದುಗರಲ್ಲಿ ಹಿರಿಯರಾದವರಿಗೆ ಪಕ್ಕದ ಮೇಜಿನ ಸಹೋದ್ಯೋಗಿ ಮಧ್ಯಾಹ್ನ ಬಿಳಿಯ ಉಡುಪಿನ ಚೀಲ ಹಿಡಿದು ಹೊರಡುತ್ತಿದ್ದ ದೃಶ್ಯ ನೆನಪಿರಬಹುದು. ಗಿರಣಿಗಳು ಮುಚ್ಚಿದುವು, ಆಟಗಾರರಿಗೆಂದು ನಡೆಯುತ್ತಿದ್ದ ನೇಮಕಗಳು ಹಿಂದಿನಂತೆ ಉಳಿಯಲಿಲ್ಲ. ಮೇಲಿನ ಮೆಟ್ಟಿಲಿನಲ್ಲಿರುವವರ ಸ್ಥಿತಿಯೇನೋ ಸುಧಾರಿಸಿದೆ. 2021ರಲ್ಲಿ ಕ್ರಿಕೆಟ್ ಮಂಡಳಿಯು ನಿಗದಿಮಾಡಿದಂತೆ, ಇಪ್ಪತ್ತರವರೆಗೆ ಪಂದ್ಯಗಳನ್ನಾಡಿರುವ ರಣಜಿ ಆಟಗಾರನಿಗೂ ದಿನಕ್ಕೆ 40,000 ರೂಪಾಯಿ ದೊರೆಯುವಂತಾಯಿತು; ಹತ್ತೊಂಬತ್ತರೊಳಗಿನವರ ತಂಡದಲ್ಲಿ ಆಡುವವನಿಗೆ ದಿನಕ್ಕೆ 20,000. ಆದರೆ ಇದು ಆ ಮೆಟ್ಟಿಲಿಗೆ ಕಾಲಿಟ್ಟವನ ಮಾತು. ಅದರ ಕೆಳಗೆ ನಿಂತವನಿಗೆ ಬೂಟಿನ ಖರ್ಚು, ರೈಲಿನ ಪಾಸು, ಹಾಲು ಮೊಟ್ಟೆಯ ಲೆಕ್ಕ ಎಲ್ಲವೂ ತಂದೆಯ ಸಂಬಳದಿಂದಲೇ ಆಗಬೇಕು. ಬೇಲಾಪುರದಿಂದ ಆಜಾದ್ ಮೈದಾನಕ್ಕೆ ಹಾರ್ಬರ್ ಗಾಡಿಯಲ್ಲಿ ಒಂದು ಗಂಟೆಗೂ ಮೀರಿದ ಪ್ರಯಾಣ, ಬರುವಾಗ ಅಷ್ಟೇ. ಅಷ್ಟು ಹೊತ್ತಿನಲ್ಲಿ ಒಬ್ಬ ಹುಡುಗನು ಹೋಟೆಲಿನಲ್ಲಿ ಒಂದು ಪಾಳಿಯ ಕಾಲುಭಾಗವನ್ನು ದುಡಿಯಬಲ್ಲನು.

ಇಲ್ಲಿ ವ್ಯವಹಾರಜ್ಞರು ಒಂದು ಆಕ್ಷೇಪವನ್ನೆತ್ತುವರು. “ನೂರು ಹುಡುಗರಲ್ಲಿ ಒಬ್ಬನೂ ರಣಜಿ ಮುಟ್ಟುವುದು ಸಂದೇಹ. ಉಳಿದ ತೊಂಬತ್ತೊಂಬತ್ತು ಮಂದಿಯ ಕಾಲವನ್ನೂ ಹಣವನ್ನೂ ಹಾಳುಮಾಡುವುದು ಬಡವರ ಮಕ್ಕಳಿಗೆ ಮಾಡುವ ದ್ರೋಹವಲ್ಲವೇ?” ಈ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹೆಚ್ಚಿನವರು ಮೇಲೇರಲಾರರೆಂಬುದು ಸತ್ಯ. ಶ್ರೇಷ್ಠರಾದವರೂ ಕೆಲವೊಮ್ಮೆ ಬಾಗಿಲ ಬಳಿಯೇ ಉಳಿಯುವರೆಂಬುದೂ ಸತ್ಯ. 2025ರ ಮಾರ್ಚಿನಲ್ಲಿ ತೀರಿಕೊಂಡ ಮುಂಬಯಿಯ ಎಡಗೈ ಸ್ಪಿನ್ನರ್ ಪದ್ಮಾಕರ ಶಿವಾಲ್ಕರರು ಪ್ರಥಮ ದರ್ಜೆಯಲ್ಲಿ 589 ವಿಕೆಟುಗಳನ್ನು ಪಡೆದವರು. 1972-73ರ ರಣಜಿ ಅಂತಿಮ ಪಂದ್ಯದಲ್ಲಿ ಮದರಾಸಿನ ಚೆಪಾಕಿನಲ್ಲಿ 16 ರನ್ನಿಗೆ ಎಂಟು, ಮರು ಇನ್ನಿಂಗ್ಸಿನಲ್ಲಿ 18ಕ್ಕೆ ಐದು ವಿಕೆಟುಗಳನ್ನು ಕಿತ್ತವರು. ಅವರಿಗೆ ಒಂದೇ ಒಂದು ಟೆಸ್ಟ್ ಆಡುವ ಭಾಗ್ಯ ಬರಲಿಲ್ಲ. ಅದೇ ಕಾಲದಲ್ಲಿ ಬಿಷನ್ ಸಿಂಗ್ ಬೇಡಿಯವರು ಆ ಸ್ಥಾನದಲ್ಲಿದ್ದರು. ಹಾಗೆಂದು ಶಿವಾಲ್ಕರರ ಬಾಳು ವ್ಯರ್ಥವೆಂದು ಹೇಳುವ ಎದೆಗಾರಿಕೆ ಯಾರಿಗಿದೆ?

ಆದರೂ ಆಕ್ಷೇಪಕ್ಕೆ ನಿಜವಾದ ಉತ್ತರ ನಮ್ಮ ಸಮಾಜದ ಚರಿತ್ರೆಯಲ್ಲಿಯೇ ಇದೆ. ಎಳೆವಯಸ್ಸಿನಲ್ಲಿ ಊರು ಬಿಟ್ಟು ಬಂದು ಹೋಟೆಲುಗಳಲ್ಲಿ ಲೋಟ ತೊಳೆದ ಹುಡುಗರಿಗಾಗಿ ನಮ್ಮ ಹಿರಿಯರು ಮುಂಬಯಿಯಲ್ಲಿ ರಾತ್ರಿಶಾಲೆಗಳನ್ನು ತೆರೆದರು. ಹಗಲೆಲ್ಲ ದುಡಿದು ಬಂದ ಹುಡುಗನು ದೀಪದ ಕೆಳಗೆ ಕುಳಿತು ಕನ್ನಡವನ್ನೂ ಇಂಗ್ಲಿಷನ್ನೂ ಲೆಕ್ಕವನ್ನೂ ಕಲಿತನು. ಆ ಹಿರಿಯರು ಪ್ರತಿಯೊಬ್ಬ ಮಾಣಿಯೂ ವಕೀಲನಾಗುವನೇ ಎಂದು ಕೇಳಿ ಬಾಗಿಲು ತೆರೆಯಲಿಲ್ಲ. ಕೆಲವರು ವಕೀಲರಾದರು, ಕೆಲವರು ಬ್ಯಾಂಕಿನ ಗುಮಾಸ್ತರಾದರು, ಬಹಳ ಮಂದಿ ಹೋಟೆಲಿನಲ್ಲಿಯೇ ಉಳಿದು ತಮ್ಮ ಸಹಿಯನ್ನು ತಾವೇ ಹಾಕಬಲ್ಲವರಾದರು. ಅವರಲ್ಲಿ ಒಬ್ಬನೂ ತನ್ನ ಕಾಲ ಹಾಳಾಯಿತೆಂದು ದೂರಿದುದನ್ನು ನಾವು ಕೇಳಿಲ್ಲ. ರಾತ್ರಿಶಾಲೆಗೆ ಮಾಲಿಕನು ಎರಡು ಗಂಟೆ ಬಿಟ್ಟುಕೊಟ್ಟನಲ್ಲ, ಅದೇ ಬಗೆಯ ಎರಡು ಗಂಟೆಯನ್ನು ನಾವು ಇಂದು ಮೈದಾನಕ್ಕಾಗಿ ಕೇಳುತ್ತಿದ್ದೇವೆ.

ವಿದ್ಯೆಯನ್ನು ಬಿಟ್ಟು ಆಟವನ್ನು ಹಿಡಿಯಿರೆಂದು ನಾವು ಯಾರಿಗೂ ಹೇಳಲಾರೆವು. ಕರ್ನಾಟಕದ ಇ. ಎ. ಎಸ್. ಪ್ರಸನ್ನರ ನಿದರ್ಶನ ಇಲ್ಲಿ ಬಹು ಉಪಯುಕ್ತ. 1962ರ ಜನವರಿಯಲ್ಲಿ ಮೊದಲ ಟೆಸ್ಟ್ ಆಡಿದ ಆತನು ಅದೇ ವರ್ಷ ವೆಸ್ಟ್ ಇಂಡೀಸಿಗೂ ಹೋಗಿಬಂದನು. ಅನಂತರ ಇಂಜಿನಿಯರಿಂಗ್ ಪದವಿಯನ್ನು ಮುಗಿಸಲೆಂದು ಹಿಂದೆ ಸರಿದು, ಮತ್ತೆ ಟೆಸ್ಟ್ ಆಡಿದುದು 1967ರಲ್ಲಿ. ಐದು ವರ್ಷಗಳು ಹೋದುವು. ಆದರೂ 49 ಟೆಸ್ಟುಗಳಲ್ಲಿ 189 ವಿಕೆಟುಗಳನ್ನು ಪಡೆದು ಜಗತ್ತಿನ ಶ್ರೇಷ್ಠ ಆಫ್ ಸ್ಪಿನ್ನರುಗಳ ಸಾಲಿನಲ್ಲಿ ನಿಂತನು. ಪುಸ್ತಕವು ಬೌಲರನ ಬೆರಳನ್ನು ಮೊಂಡಾಗಿಸುವುದಿಲ್ಲ. ಹುಡುಗನ ಕೈಯಲ್ಲಿ ಒಂದು ಪದವಿಯೋ ಒಂದು ಕಸಬೋ ಇದ್ದರೆ, ಆಯ್ಕೆಯಾಗದ ದಿನ ಅವನು ಕುಸಿದುಬೀಳುವುದಿಲ್ಲ; ಆಯ್ಕೆಯ ದಿನದವರೆಗೆ ಕಾಯಲೂ ಬಲ್ಲನು.

ಹಾಗಾದರೆ ಮಾಡತಕ್ಕದ್ದೇನು? ನಮ್ಮ ಸಲಹೆಗಳು ಸರಳವಾದುವು. ಯಾವ ಸರಕಾರದ ಅಪ್ಪಣೆಗೂ ಕಾಯಬೇಕಾದುವಲ್ಲ. ಮೊದಲನೆಯದಾಗಿ, ನಮ್ಮ ಸಂಘಸಂಸ್ಥೆಗಳು ವಾರ್ಷಿಕೋತ್ಸವದಲ್ಲಿ ಗಣ್ಯರಿಗೆ ಹೊದಿಸುವ ಶಾಲುಗಳಲ್ಲಿ ಅರ್ಧವನ್ನು ಉಳಿಸಲಿ. ಆ ಹಣದಿಂದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಮೂರು ವರ್ಷಗಳ ಮಟ್ಟಿಗೆ ಆರಿಸಿಕೊಂಡು ಬೂಟು, ರೈಲಿನ ಪಾಸು, ನೋವು ಬಂದಾಗ ವೈದ್ಯರ ಶುಲ್ಕ, ಇಷ್ಟನ್ನು ವಹಿಸಿಕೊಳ್ಳಲಿ. ಒಂದು ದಿನದ ಬಹುಮಾನಕ್ಕಿಂತ ಮೂರು ವರ್ಷದ ಪಾಸು ದೊಡ್ಡದು. ಎರಡನೆಯದಾಗಿ, ಸಂಘಗಳು ನಡೆಸುವ ಟೆನಿಸ್ ಚೆಂಡಿನ ಪಂದ್ಯಾಟಗಳಲ್ಲಿ ಹದಿನೆಂಟು ತುಂಬದ ಬೌಲರನು ದಿನಕ್ಕೆ ಎಷ್ಟು ಓವರು ಎಸೆಯಬಹುದೆಂಬುದಕ್ಕೆ ಮಿತಿ ಇರಲಿ. ಅದನ್ನು ಬರೆದಿಡುವ ಒಂದು ನೋಟುಬುಕ್ಕು ಇರಲಿ. ಹೋಟೆಲಿನಲ್ಲಿ ಪ್ರತಿಯೊಂದು ಇಡ್ಲಿಗೂ ಲೆಕ್ಕವಿಡುವ ನಮಗೆ ಇದು ಕಷ್ಟವಾಗಲಾರದು. ಮೂರನೆಯದಾಗಿ, ಹೋಟೆಲು ಮಾಲಿಕರು ತಮ್ಮಲ್ಲಿ ದುಡಿಯುವ, ಅಥವಾ ತಮ್ಮಲ್ಲಿ ದುಡಿಯುವವರ ಮಕ್ಕಳಾದ ಆಟಗಾರರಿಗೆ ಪಾಳಿಯನ್ನು ಹೊಂದಿಸಿಕೊಡಲಿ. ಬೆಳಗಿನ ನಾಷ್ಟಾ ಮುಗಿದು ಊಟದ ಗದ್ದಲ ತೊಡಗುವ ಮುನ್ನ, ಊಟ ಮುಗಿದು ಸಂಜೆಯ ಚಹಾ ತೊಡಗುವ ಮುನ್ನ, ಬಿಡುವು ಇದ್ದೇ ಇರುತ್ತದೆ. ಮನಸ್ಸಿದ್ದರೆ ಆ ಬಿಡುವು ಮೈದಾನವನ್ನು ತಲುಪಬಲ್ಲದು.

ಹುಡುಗಿಯರೆಂದು ಬೇಕೆಂದೇ ಹೇಳಿದೆವು. ಬೇಲಾಪುರದಿಂದ ಎರಡೇ ನಿಲ್ದಾಣಗಳಾಚೆ ನೆರೂಳಿನಲ್ಲಿರುವ ಡಿ. ವೈ. ಪಾಟೀಲ ಕ್ರೀಡಾಂಗಣದಲ್ಲಿಯೇ 2025ರ ನವೆಂಬರ್ 2ರಂದು ಭಾರತದ ಮಹಿಳೆಯರು ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ವಿಶ್ವಕಪ್ಪನ್ನು ಮೊದಲ ಬಾರಿಗೆ ಗೆದ್ದರು. ಆ ಪಂದ್ಯದಲ್ಲಿ ದೀಪ್ತಿ ಶರ್ಮಾ ಅವರು 58 ರನ್ನು ಹೊಡೆದು 39 ರನ್ನಿಗೆ ಐದು ವಿಕೆಟುಗಳನ್ನು ಪಡೆದರು. ಅವರೂ ಆಫ್ ಸ್ಪಿನ್ ಬೌಲರರೇ. ಆ ರಾತ್ರಿ ಪಟಾಕಿಯ ಸದ್ದು ನಮ್ಮ ಕಿಟಕಿಗಳವರೆಗೂ ಕೇಳಿಸಿತು. ಅದನ್ನು ಕೇಳಿ ಮರುದಿನ ಚೆಂಡು ಹಿಡಿದ ಹುಡುಗಿಯೊಬ್ಬಳು ನಮ್ಮವರ ಮನೆಗಳಲ್ಲಿ ಇರಲಾರಳೇ? ಅವಳಿಗೆ “ಅಡಿಗೆ ಕಲಿ” ಎಂದು ಹೇಳುವ ಮುನ್ನ ನಾವು ಒಂದು ಗಳಿಗೆ ಯೋಚಿಸುವುದು ಒಳ್ಳೆಯದು. ಆ ಅಡಿಗೆಯನ್ನು ಹೋಟೆಲುಗಳಲ್ಲಿ ಗಂಡಸರೇ ಮಾಡಿ ಮುಂಬಯಿಗೆಲ್ಲ ಉಣಿಸಿದ ಸಮಾಜ ನಮ್ಮದು!

ಕೊನೆಯದಾಗಿ, ದೋಷವನ್ನು ಅನ್ಯರಲ್ಲಿ ಮಾತ್ರ ಹುಡುಕುವುದು ನ್ಯಾಯವಲ್ಲ. ಪತ್ರಿಕೆಯವರಾದ ನಾವೂ ಇದರಿಂದ ಮುಕ್ತರಲ್ಲ. ಗೆದ್ದುಬಂದವರಿಗೆ ಹಾರ ಹಾಕಿದ ಚಿತ್ರಗಳನ್ನು ಮೂರು ಅಂಕಣಗಳಲ್ಲಿ ಅಚ್ಚುಮಾಡಿದ್ದೇವೆ. ಮೈದಾನದ ಮೂಲೆಯಲ್ಲಿ ನಮ್ಮ ಹುಡುಗನೊಬ್ಬನು ಐದು ವಿಕೆಟು ಪಡೆದ ಸುದ್ದಿಗೆ ಮೂರು ಸಾಲಿನ ಸ್ಥಳವಿಲ್ಲವೆಂದಿದ್ದೇವೆ. ಬೇಲಾಪುರದ ಆ ಹುಡುಗನ ಹೆಸರು ಈ ಪತ್ರಿಕೆಯಲ್ಲಿ ಎಂದೂ ಬರಲಿಲ್ಲ. ಬಂದಿದ್ದರೆ ಯಾರಾದರೊಬ್ಬರು ಅವನ ಬೆನ್ನನ್ನು ವೈದ್ಯರಿಗೆ ತೋರಿಸಲು ಮುಂದೆ ಬರುತ್ತಿದ್ದರೋ ಏನೋ, ನಾವು ಹೇಳಲಾರೆವು. ಮುಂದಾದರೂ ಈ ತಪ್ಪು ಆಗಬಾರದು. ನಮ್ಮವರ ಮಕ್ಕಳು ಯಾವುದೇ ಮೈದಾನದಲ್ಲಿ ಚರ್ಮದ ಚೆಂಡಿನ ಪಂದ್ಯಗಳನ್ನಾಡಿದರೆ ಅದರ ವಿವರವನ್ನು ನಮಗೆ ಬರೆದು ಕಳುಹಿಸಬೇಕೆಂದು ಓದುಗರನ್ನು ಕೇಳಿಕೊಳ್ಳುತ್ತೇವೆ. ಸೋತಿದ್ದರೂ ಸರಿ, ಒಂದು ವಿಕೆಟೂ ಸಿಗದಿದ್ದರೂ ಸರಿ. ಆ ಹುಡುಗನಿಗೆ ಇನ್ನೂ ಹತ್ತೊಂಬತ್ತೇ ವರ್ಷ. ಕೋಟ್ಯಾನರಿಗೆ ಭಾರತದ ಕರೆ ಬಂದಾಗ ಇಪ್ಪತ್ತಾರು ತುಂಬಿತ್ತು. ನಡುವಿನ ಏಳು ವರ್ಷಗಳನ್ನು ಅವನಿಗೆ ಕೊಡುವವರು ನಮ್ಮಲ್ಲಿ ಯಾರಾದರೂ ಇದ್ದಾರೆಯೇ? ಇದ್ದರೆ, ಮೊದಲು ಅವನ ಬೆನ್ನಿನ ಚಿತ್ರ ತೆಗೆಸಿರಿ. ಹಾರದ ವಿಚಾರ ಅನಂತರ ನೋಡೋಣ.